ಮರದ ಹೆಸರಿನ ಕೊನೆಗೆ ಬರುವ ‘ರಾಕ್ಸ್‌ಬ.’, ‘ಎಲ್.’, ‘ಎ.ಜಸ್.’: ಇವನ್ನು ಓದುವುದು ಹೇಗೆ?

ನಾಮಫಲಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಆವರಣದ ಮರಗಳಿಗೆ ಫಲಕ ಬರೆಸುತ್ತಿದ್ದೇವೆ. ಪಟ್ಟಿಯಲ್ಲಿ ಹೊಂಗೆ, ಬೇವು, ಹೊಳೆಮತ್ತಿ, ಕರಿಮತ್ತಿ, ಗೋಣಿ, ಕರಿಬೇವು ಇವೆ. ವೈಜ್ಞಾನಿಕ ಹೆಸರು ಹುಡುಕಿದರೆ ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ. ಹೆಸರಿನ ಹಿಂದೆ ಬರುವ ಅಕ್ಷರಗಳಂತೂ ತಲೆಬುಡ ಅರ್ಥವಾಗುತ್ತಿಲ್ಲ. ಹೊಳೆಮತ್ತಿಗೆ ‘ಟರ್ಮಿನೇಲಿಯಾ ಅರ್ಜುನ (ರಾಕ್ಸ್‌ಬ. ಎಕ್ಸ್ ಡಿಸಿ.) ವೈಟ್ & ಆರ್ನ್.’ ಅಂತಿದೆ. ಒಂದು ಮರಕ್ಕೆ ನಾಲ್ಕು ಜನ ಯಾಕೆ? ಆವರಣ ಚಿಹ್ನೆ ಯಾಕೆ? ಬೇವಿಗೆ ಮಾತ್ರ ಚಿಹ್ನೆ ಇಲ್ಲವಲ್ಲ? ಕರಿಮತ್ತಿಗೆ ಟೊಮೆಂಟೋಸ, ಕ್ರೆನ್ಯುಲೇಟ, ಅಲಾಟ, ಎಲಿಪ್ಟಿಕ ಅಂತ ನಾಲ್ಕು ಹೆಸರು ಸಿಕ್ಕಿವೆ, ಯಾವುದನ್ನು ಬರೆಸಲಿ? ಗೊತ್ತಿದ್ದವರು ಬಿಡಿಸಿ ಹೇಳಿ.

ಹರ್ಬೇರಿಯಂ_ಹಾಳೆ ಉತ್ತರ:

ಆ ಅಕ್ಷರಗಳನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡಬೇಡಿ. ಯಾರು, ಯಾವ ಪುಸ್ತಕದಲ್ಲಿ, ಯಾವ ಮಾದರಿ ನೋಡಿ ಈ ಗಿಡವನ್ನು ವಿವರಿಸಿದರು ಅಂತ ಹುಡುಕಿಕೊಂಡು ಹೋಗಲು ಇರುವ ದಾರಿಯೇ ಅದು.

ಹೊಳೆಮತ್ತಿಯ ಹೆಸರನ್ನೇ ಕಾಲಕ್ರಮದಲ್ಲಿ ನೋಡೋಣ. ವಿಲಿಯಂ ರಾಕ್ಸ್‌ಬರ್ಗ್ 1793ರಿಂದ 1813ರವರೆಗೆ ಕಲ್ಕತ್ತಾ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದವನು. ಆ ತೋಟದ ಗಿಡಗಳ ಪಟ್ಟಿ ‘ಹೋರ್ಟಸ್ ಬೆಂಗಾಲೆನ್ಸಿಸ್’ 1814ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಮರಕ್ಕೆ ಪೆಂಟಾಪ್ಟೆರಾ ಅರ್ಜುನ ಅನ್ನುವ ಹೆಸರಿದೆ, ಆದರೆ ವಿವರಣೆ ಇಲ್ಲ. ವಿವರಣೆ ಇಲ್ಲದ ಹೆಸರು ನಿಯಮದ ಪ್ರಕಾರ ಊರ್ಜಿತವಲ್ಲ, ಅದನ್ನು ‘ಬರಿ ಹೆಸರು’ ಅನ್ನುತ್ತಾರೆ. 1828ರಲ್ಲಿ ಜಿನೀವಾದ ಆಗಸ್ಟಿನ್ ಪಿರಾಮಸ್ ದ ಕಾಂಡೋಲ್ ತನ್ನ ‘ಪ್ರೊಡ್ರೊಮಸ್’ನ 3ನೇ ಸಂಪುಟದಲ್ಲಿ ಅದೇ ಹೆಸರು ಉಳಿಸಿಕೊಂಡು ವಿವರಣೆ ಕೊಟ್ಟ. ಅದಕ್ಕೇ ‘ರಾಕ್ಸ್‌ಬ. ಎಕ್ಸ್ ಡಿಸಿ.’: ಹೆಸರು ಸೂಚಿಸಿದ್ದು ಮೊದಲನೆಯವನು, ಊರ್ಜಿತಗೊಳಿಸಿದ್ದು ಎರಡನೆಯವನು. 1834ರಲ್ಲಿ ರಾಬರ್ಟ್ ವೈಟ್ ಮತ್ತು ವಾಕರ್-ಆರ್ನಟ್ ಈ ಪ್ರಭೇದವನ್ನು ಪೆಂಟಾಪ್ಟೆರಾದಿಂದ ತೆಗೆದು ಟರ್ಮಿನೇಲಿಯಾ ಕುಲಕ್ಕೆ ಸೇರಿಸಿದರು. ಕುಲ ಬದಲಾದಾಗ ಮೂಲ ಕರ್ತೃ ಆವರಣ ಚಿಹ್ನೆಯೊಳಗೆ ಹೋಗುತ್ತಾನೆ, ಬದಲಾಯಿಸಿದವರು ಹೊರಗೆ ನಿಲ್ಲುತ್ತಾರೆ.

ಫಲಕದಲ್ಲಿ ಜಾಗ ಕಡಿಮೆಯಿದ್ದರೆ ‘(ಡಿಸಿ.) ವೈಟ್ & ಆರ್ನ್.’ ಅಂತ ಬರೆಸಬಹುದು. ‘ಎಕ್ಸ್’ ಇದ್ದಾಗ ಬಿಡಬೇಕಾದ್ದು ಅದರ ಮುಂಚಿನವನನ್ನು, ನಂತರದವನನ್ನು ಉಳಿಸಿಕೊಳ್ಳಬೇಕು. ‘ಇನ್’ ಇದ್ದರೆ ಉಲ್ಟಾ: ಅದರ ಮುಂಚಿನವನೇ ಕರ್ತೃ, ‘ಇನ್’ ನಂತರ ಬರುವವನು ಆ ಪುಸ್ತಕದ ಯಜಮಾನ ಅಷ್ಟೇ, ಅವನನ್ನು ಬಿಡಬಹುದು. ಫಲಕಗಳಲ್ಲಿ ಇದೇ ಹೆಚ್ಚು ತಪ್ಪುವುದು. ಖ್ಯಾತಿ ನೋಡಿ ರಾಕ್ಸ್‌ಬರ್ಗನನ್ನು ಉಳಿಸಿ ದ ಕಾಂಡೋಲ್‌ನನ್ನು ಹೊಡೆದುಹಾಕಿಬಿಡುತ್ತಾರೆ.

ಹೊಂಗೆಯದ್ದೂ ಇದೇ ಜಾಡು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ (‘ಎಲ್.’) 1753ರಲ್ಲಿ ಸೈಟಿಸಸ್ ಪಿನ್ನೇಟಸ್ ಅಂದ. ಪಿಯರ್ 1899ರಲ್ಲಿ ಪೊಂಗಾಮಿಯಾ ಪಿನ್ನೇಟ ಮಾಡಿದ, ಪಾಣಿಗ್ರಾಹಿ 1989ರಲ್ಲಿ ಮಿಲ್ಲೆಟಿಯಾ ಪಿನ್ನೇಟ ಮಾಡಿದರು. ಮೂರು ಕುಲ ಸುತ್ತಿದರೂ ಆವರಣದೊಳಗಿನ ‘(ಎಲ್.)’ ಹಾಗೇ ಇದೆ ನೋಡಿ. ಹೆಸರಿನ ಎರಡನೇ ಪದ ಯಾರದ್ದೋ ಚಿಹ್ನೆಯೊಳಗಿರುವುದು ಅವರೇ. ಹಳೆಯ ಅರಣ್ಯ ಪುಸ್ತಕಗಳ ‘ಪೊಂಗಾಮಿಯಾ ಗ್ಲಾಬ್ರ ವೆಂಟ್.’ ಕೂಡ ಇದೇ ಮರ. ಆ ಹೆಸರು 1803ರದ್ದು, ಹಾಗಾಗಿ 1753ರ ‘ಪಿನ್ನೇಟ’ದ ಮುಂದೆ ನಿಲ್ಲುವುದಿಲ್ಲ.

ಬೇವಿನ ಪ್ರಶ್ನೆ ಚೆನ್ನಾಗಿದೆ. ಲಿನೇಯಸ್ ಇಟ್ಟಿದ್ದು ಮೆಲಿಯಾ ಅಜಾಡಿರಾಕ್ಟ. ಏಡ್ರಿಯನ್ ದ ಜುಸ್ಸಿಯು ಇದಕ್ಕಾಗಿ ಅಜಾಡಿರಾಕ್ಟ ಅನ್ನುವ ಹೊಸ ಕುಲವನ್ನೇ ಮಾಡಿದ. ಮಾಮೂಲಿ ಕ್ರಮದಲ್ಲಿ ಹೋದರೆ ‘ಅಜಾಡಿರಾಕ್ಟ ಅಜಾಡಿರಾಕ್ಟ’ ಆಗಬೇಕಿತ್ತು. ಪ್ರಾಣಿಗಳ ಹೆಸರಿನಲ್ಲಿ ಹೀಗೆ ಒಂದೇ ಪದ ಎರಡು ಸಲ ಬರಬಹುದು, ಸಸ್ಯಗಳಲ್ಲಿ ನಿಷಿದ್ಧ. ಆದ್ದರಿಂದ ‘ಇಂಡಿಕ’ ಅನ್ನುವ ಹೊಸ ಪದ ಬಂತು. ಹೊಸ ಪದ ಜುಸ್ಸಿಯುನದ್ದೇ ಆದ್ದರಿಂದ ಚಿಹ್ನೆಯಿಲ್ಲದೆ ‘ಎ.ಜಸ್.’ ಒಂದೇ ನಿಲ್ಲುತ್ತದೆ. ‘ಎ.’ ಬಿಡಬೇಡಿ. ಬರಿ ‘ಜಸ್.’ ಅಂದರೆ ಅವನ ಅಪ್ಪ ಆಂಟ್ವಾನ್-ಲೊರಾನ್. ಹೀಗೆ ಅಪ್ಪ-ಮಕ್ಕಳ ಗೊಂದಲ ಬಹಳ ಕಡೆ ಇದೆ: ‘ಎಲ್.’ ಲಿನೇಯಸ್, ‘ಎಲ್.ಎಫ್.’ ಅವನ ಮಗ, ‘ಹುಕ್.’ ವಿಲಿಯಂ ಹುಕರ್, ‘ಹುಕ್.ಎಫ್.’ ಮಗ ಜೋಸೆಫ್, ‘ಡಿಸಿ.’, ‘ಎ.ಡಿಸಿ.’, ‘ಸಿ.ಡಿಸಿ.’ ಅಂದರೆ ಅಜ್ಜ, ಮಗ, ಮೊಮ್ಮಗ. ‘ಲ್ಯಾಮ್.’ ಬೇರೆಯೇ, ಅದು ಹಲಸಿನ ಇಂದಿನ ಹೆಸರಿನಲ್ಲಿರುವ ಲಾಮಾರ್ಕ್.

ಕರಿಮತ್ತಿ_ಕಾಡು ಉತ್ತರ:

ಕರಿಮತ್ತಿಯ ಬಗ್ಗೆ ನಾನು ಹೇಳುತ್ತೇನೆ. ನಾಲ್ಕೂ ಹೆಸರನ್ನು ಇಸವಿ ಹಾಕಿ ಜೋಡಿಸಿ. ಎಲಿಪ್ಟಿಕ, ವಿಲ್ಡೆನೋ, 1806. ಕ್ರೆನ್ಯುಲೇಟ ಮತ್ತು ಅಲಾಟ, ಎರಡೂ ರಾತ್‌ನ ಒಂದೇ ಪುಸ್ತಕದಲ್ಲಿ, 1821. ಟೊಮೆಂಟೋಸ, ಮೂಲ 1828, ಟರ್ಮಿನೇಲಿಯಾಕ್ಕೆ ಬಂದದ್ದು 1834. ನಾಲ್ಕೂ ಒಂದೇ ಪ್ರಭೇದ ಅಂತ ಒಪ್ಪಿದ ಮೇಲೆ ಮೊದಲು ಊರ್ಜಿತವಾಗಿ ಪ್ರಕಟವಾದದ್ದೇ ಉಳಿಯಬೇಕು. ಫಲಕದಲ್ಲಿ ‘ಟರ್ಮಿನೇಲಿಯಾ ಎಲಿಪ್ಟಿಕ ವಿಲ್ಡ್.’ ಬರೆಸಿ.

ರಾತ್‌ನ ಹೆಸರು ನಮ್ಮ ಕಡೆಯ ಗಿಡಗಳಿಗೆ ಯಾಕೆ ಅಷ್ಟು ಸಲ ಬರುತ್ತದೆ ಅಂದರೆ, ಬೆಂಜಮಿನ್ ಹೈನ್ ಕಾರಣ. ಮಿಷನರಿಯಾಗಿ ಬಂದ ಈತ ಆಂಧ್ರದ ಸಾಮಲಕೋಟೆಯಲ್ಲಿ ರಾಕ್ಸ್‌ಬರ್ಗನ ನಂತರ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೆಕೆಂಜಿಯ ಮೈಸೂರು ಸರ್ವೆಗೆ ಸೇರಿದ, ಲಾಲ್‌ಬಾಗ್ ಸ್ವಲ್ಪ ಕಾಲ ಇವನ ಸುಪರ್ದಿಯಲ್ಲಿತ್ತು. ಇಲ್ಲಿ ಒಣಗಿಸಿದ ಮಾದರಿಗಳನ್ನು ಜರ್ಮನಿಯ ಆಲ್ಬ್ರೆಕ್ಟ್ ರಾತ್‌ಗೆ ಕಳಿಸಿದ. ರಾತ್ ಭಾರತಕ್ಕೆ ಬಂದವನೇ ಅಲ್ಲ, ಒಣಗಿದ ಗಿಡ ಅಂಟಿಸಿದ ಹಾಳೆಗಳನ್ನು ನೋಡಿಯೇ ವಿವರಿಸಿದ. ಒಣಗಿದ ಒಂದೆರಡು ಕೊಂಬೆ ಮುಂದಿಟ್ಟುಕೊಂಡು ಬರೆಯುವಾಗ ಎಲೆಯ ರೋಮ, ಅಂಚಿನ ಕಚ್ಚು ಇಂಥ ಸಣ್ಣ ವ್ಯತ್ಯಾಸಕ್ಕೂ ಹೊಸ ಹೆಸರು ಹುಟ್ಟುತ್ತದೆ. ಕರಿಮತ್ತಿಯ ಎಲೆಯ ರೋಮ ಮರದಿಂದ ಮರಕ್ಕೇ ಬೇರೆ, ಎಳೆಯ ಎಲೆಗೂ ಬಲಿತ ಎಲೆಗೂ ಬೇರೆ. ಒಂದೇ ಪುಸ್ತಕದಲ್ಲಿ ಒಂದೇ ಮರ ಎರಡು ಪ್ರಭೇದ ಆದದ್ದರಲ್ಲಿ ಆಶ್ಚರ್ಯವಿಲ್ಲ.

ಫಲಕ ಬರೆಸುವ ಮುಂಚೆ ಹೊಳೆಮತ್ತಿ, ಕರಿಮತ್ತಿ ಅದಲುಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತೊಗಟೆ: ಕರಿಮತ್ತಿಯದ್ದು ಕಪ್ಪು, ಮೊಸಳೆಯ ಬೆನ್ನಿನ ಹಾಗೆ ಆಳವಾಗಿ ಚೌಕಚೌಕ ಒಡೆದಿರುತ್ತದೆ, ಹೊಳೆಮತ್ತಿಯದ್ದು ನುಣುಪು, ಬೂದು ಬಿಳುಪು, ತೆಳ್ಳನೆಯ ದೊಡ್ಡ ಹಪ್ಪಳೆಗಳಾಗಿ ಕಳಚುತ್ತದೆ. ಎಳೆಯ ಮರದಲ್ಲಿ ತೊಗಟೆ ನಂಬಬೇಡಿ, ಕಾಯಿ ನೋಡಿ. ಎರಡರಲ್ಲೂ ಐದು ರೆಕ್ಕೆ. ರೆಕ್ಕೆಯನ್ನು ಬೆಳಕಿಗೆ ಹಿಡಿದರೆ ಗೆರೆಗಳು ಕಾಣುತ್ತವೆ. ಕರಿಮತ್ತಿಯಲ್ಲಿ ರೆಕ್ಕೆ ಅಗಲ, ಗೆರೆಗಳು ನಡುವಿನಿಂದ ಅಂಚಿಗೆ ಅಡ್ಡಲಾಗಿ ನೇರ ಹೋಗುತ್ತವೆ. ಹೊಳೆಮತ್ತಿಯಲ್ಲಿ ರೆಕ್ಕೆ ಕಿರಿದು, ಗೆರೆಗಳು ಮೇಲಕ್ಕೆ ಬಾಗಿರುತ್ತವೆ. ಮರದಡಿ ಬಿದ್ದ ಹಳೆಯ ಕಾಯಿಯಲ್ಲೂ ಇದನ್ನು ನೋಡಬಹುದು.

ನಾಮಫಲಕ:

ತುಂಬ ಉಪಕಾರವಾಯಿತು. ಗೋಣಿ ಮರಕ್ಕೆ ಒಂದು ಪುಸ್ತಕದಲ್ಲಿ ‘ಫೈಕಸ್ ಮೈಸೊರೆನ್ಸಿಸ್’ ಅಂತಿದೆ. ನಮ್ಮ ಊರಿನ ಹೆಸರೇ ಇರುವುದರಿಂದ ಅದನ್ನೇ ಹಾಕಿಸೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸರಿಯೇ? ಮತ್ತೆ, ಇಂಥ ಹೆಸರನ್ನು ನಾವೇ ಮೂಲದವರೆಗೆ ಹುಡುಕುವುದು ಹೇಗೆ?

ಹರ್ಬೇರಿಯಂ_ಹಾಳೆ:

ಅದೂ ಹೈನ್ ಕಳಿಸಿದ ಗಿಡವೇ, ರಾತ್‌ನ 1821ರ ಪುಸ್ತಕದ್ದೇ. ಜೋಸೆಫ್ ಹುಕರ್‌ನ ಫ್ಲೋರಾದಲ್ಲಿ (ಫ್ಲೋರಾ ಅಂದರೆ ಒಂದು ಪ್ರದೇಶದ ಗಿಡಗಳನ್ನು ವಿವರಿಸುವ ಪುಸ್ತಕ) ‘ಹೈನ್ ಇನ್ ರಾತ್’, ಬೇರೆಡೆ ‘ಹೈನ್ ಎಕ್ಸ್ ರಾತ್’ ಅಂತ ಬರುತ್ತದೆ. ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ನೇರ ಅನ್ವಯವಾಗುತ್ತದೆ: ವಿವರಣೆ ಬರೆದದ್ದು ರಾತ್ ಆದ್ದರಿಂದ ‘ಎಕ್ಸ್’ ಸರಿ. ಆದರೆ ತುನ್‌ಬರ್ಗ್ ಇದೇ ಪ್ರಭೇದಕ್ಕೆ 1786ರಲ್ಲೇ ಫೈಕಸ್ ಡ್ರುಪೇಸಿಯ ಅಂತ ಹೆಸರಿಟ್ಟಿದ್ದ. ಮೈಸೂರಿನ ಹೆಸರು ಎಷ್ಟೇ ಪ್ರೀತಿಯದ್ದಾದರೂ 35 ವರ್ಷ ತಡ. ದೊಡ್ಡ ಅಕ್ಷರದಲ್ಲಿ ‘ಫೈಕಸ್ ಡ್ರುಪೇಸಿಯ ತುನ್‌ಬ.’ ಹಾಕಿ, ಕೆಳಗೆ ಚಿಕ್ಕದಾಗಿ ‘ಹಿಂದಿನ ಹೆಸರು: ಫೈಕಸ್ ಮೈಸೊರೆನ್ಸಿಸ್’ ಅಂತ ಸೇರಿಸಿ. ಹಳೆಯ ಪುಸ್ತಕ ಹಿಡಿದು ಬರುವ ವಿದ್ಯಾರ್ಥಿಗೂ ಅನುಕೂಲ.

ಹುಡುಕುವ ಕ್ರಮ ಹೀಗೆ. ಮೊದಲು ಐಪಿಎನ್ಐ (ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್) ಜಾಲತಾಣದಲ್ಲಿ ಕುಲದ ಹೆಸರು ಬಿಟ್ಟು ಎರಡನೇ ಪದವನ್ನಷ್ಟೇ ಹಾಕಿ. ಪದದ ಕೊನೆ ಕುಲದ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ (ಪಿನ್ನೇಟಸ್, ಪಿನ್ನೇಟ, ಪಿನ್ನೇಟಂ), ಆದ್ದರಿಂದ ಕೊನೆಯ ಅಕ್ಷರಗಳನ್ನು ತೆಗೆದು ನಕ್ಷತ್ರ ಚಿಹ್ನೆ ಹಾಕಿ. ಇಲ್ಲದಿದ್ದರೆ ಮೂಲ ಹೆಸರು ಸಿಗುವುದೇ ಇಲ್ಲ, ಹೊಂಗೆಯಲ್ಲಿ ಎಡವುವುದು ಇಲ್ಲೇ. ಸಾಮಾನ್ಯ ಪದವಾದರೆ ಕರ್ತೃವಿನ ಹೆಸರನ್ನೂ ಜೊತೆಗೆ ಕೊಡಿ. ಸಿಕ್ಕ ದಾಖಲೆಯಲ್ಲಿ ಪುಸ್ತಕದ ಸಂಕ್ಷಿಪ್ತ ಹೆಸರು, ಸಂಪುಟ, ಪುಟ, ಇಸವಿ ಇರುತ್ತದೆ. ಅದನ್ನು ಹಿಡಿದು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಗೆ ಹೋದರೆ ಹಳೆಯ ಪುಸ್ತಕಗಳ ಪುಟವೇ ಉಚಿತವಾಗಿ ತೆರೆದುಕೊಳ್ಳುತ್ತದೆ. ಲ್ಯಾಟಿನ್ ವಿವರಣೆಯ ಕೊನೆಯಲ್ಲಿ ಎಲ್ಲಿ ಸಿಕ್ಕಿತು, ಯಾರು ಕಳಿಸಿದರು ಅನ್ನುವ ಒಂದು ಸಾಲು ಇರುತ್ತದೆ, ಅದನ್ನು ತಪ್ಪದೆ ನೋಡಿ. ಕೊನೆಗೆ ಈಗ ಯಾವ ಹೆಸರು ಒಪ್ಪಿತ ಅನ್ನುವುದಕ್ಕೆ ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’. ಐಪಿಎನ್ಐ ಹೆಸರುಗಳ ದಾಖಲೆ ಮಾತ್ರ, ಯಾವುದು ಸರಿ ಅಂತ ಅದು ಹೇಳುವುದಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಮುಖಪುಟದ ಇಸವಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ತೇಗಕ್ಕೆ ಟೆಕ್ಟೋನ ಗ್ರಾಂಡಿಸ್ ಎಲ್.ಎಫ್. ಅಂತ ಹೆಸರು ಬಂದ ‘ಸಪ್ಲಿಮೆಂಟಂ’ ಮೇಲೆ 1781 ಅಂತಿದೆ, ಪುಸ್ತಕ ನಿಜವಾಗಿ ಹೊರಬಂದದ್ದು 1782ರಲ್ಲಿ. ಇನ್ನೊಬ್ಬರು ನಡುವೆ ಅದೇ ಗಿಡಕ್ಕೆ ಹೆಸರಿಟ್ಟಿದ್ದರೆ ಈ ಒಂದು ವರ್ಷದಲ್ಲೇ ತೀರ್ಪು ಬದಲಾಗುತ್ತದೆ.

ಕರಿಬೇವಿಗೆ: ಲಿನೇಯಸ್ 1771ರಲ್ಲಿ ಬರ್ಗೆರಾ ಕೋನಿಗಿಯೈ ಅಂದ. ಅವನ ಶಿಷ್ಯ ಯೋಹಾನ್ ಕೋನಿಗ್ 1768ರಲ್ಲಿ ತರಂಗಂಬಾಡಿಗೆ ಬಂದಿದ್ದ, ಹೆಸರು ಅವನದ್ದೇ. 1825ರಲ್ಲಿ ಸ್ಪ್ರೆಂಗೆಲ್ ಮುರಾಯ ಕುಲಕ್ಕೆ ಒಯ್ದಾಗ ‘(ಎಲ್.) ಸ್ಪ್ರೆಂಗ್.’ ಆಯಿತು. ಈಚೆಗೆ ಬರ್ಗೆರಾವನ್ನು ಮತ್ತೆ ಪ್ರತ್ಯೇಕ ಕುಲ ಅಂತ ಒಪ್ಪುವವರು ಆವರಣ ಚಿಹ್ನೆಯನ್ನೂ ಸ್ಪ್ರೆಂಗೆಲ್‌ನನ್ನೂ ತೆಗೆದು ಬರಿ ‘ಎಲ್.’ ಬರೆಯುತ್ತಾರೆ. ಎರಡರಲ್ಲಿ ಯಾವುದನ್ನಾದರೂ ಬಳಸಿ, ಆದರೆ ‘ಬರ್ಗೆರಾ ಕೋನಿಗಿಯೈ (ಎಲ್.) ಸ್ಪ್ರೆಂಗ್.’ ಅಂತ ಬೆರೆಸಬೇಡಿ.

ಘಟ್ಟದ_ಕೆಳಗೆ ಉತ್ತರ:

ಹಳೆಯ ಫ್ಲೋರಾ ತೆರೆಯುವವರಿಗೆ ಸ್ಥಳದ ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ರಾಕ್ಸ್‌ಬರ್ಗ್, ವೈಟ್ ಕಾಲದ ಪುಸ್ತಕದಲ್ಲಿ ‘ಕರ್ನಾಟಿಕ್’ ಅಂದರೆ ನಮ್ಮ ಕರ್ನಾಟಕವಲ್ಲ, ಘಟ್ಟದ ಆಚೆಯ ತಮಿಳು ಬಯಲು. ‘ಸರ್ಕಾರ್ಸ್’ ಅಂದರೆ ಆಂಧ್ರದ ಉತ್ತರ ಕರಾವಳಿ. ‘ಕೆನರಾ’ ಅಂತಿದ್ದರೆ ಇಸವಿ ನೋಡಿ: 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು, ಅದಕ್ಕೂ ಮೊದಲಿನ ‘ಕೆನರಾ’ ಭಟ್ಕಳವೂ ಆಗಬಹುದು, ಬಂಟ್ವಾಳವೂ ಆಗಬಹುದು. ‘ಮಲಬಾರ್, ಕೊಂಕಣ ಇತ್ಯಾದಿ, ಸ್ಟಾಕ್ಸ್, ಲಾ ಮುಂತಾದವರು’ ಅಂತ ಅಚ್ಚಾದ ಚೀಟಿಯ ಹಾಳೆಗಳನ್ನು ಸ್ಥಳದ ಪುರಾವೆಯಾಗಿ ಬಳಸಲೇಬೇಡಿ, ಹಲವರ ಸಂಗ್ರಹಕ್ಕೆ ಒಂದೇ ಚೀಟಿ ಅಂಟಿಸಲಾಗಿದೆ.

ಜಿಲ್ಲೆಗೆ ತಕ್ಕ ಪುಸ್ತಕ ಬೇಕಾದರೆ: ಉತ್ತರ ಕನ್ನಡ, ಬೆಳಗಾವಿ, ಧಾರವಾಡ, ವಿಜಯಪುರಕ್ಕೆ ಕುಕ್ ಮತ್ತು ಟಾಲ್ಬಟ್, ದಕ್ಷಿಣ ಕನ್ನಡ, ಉಡುಪಿ, ಬಳ್ಳಾರಿಗೆ ಗ್ಯಾಂಬಲ್ (1915ರಿಂದ 1936, ಕೊನೆಯ ಭಾಗಗಳು ಫಿಶರ್‌ನವು). ಹಾಸನಕ್ಕೆ ಸಲ್ಡಾನಾ ಮತ್ತು ನಿಕೋಲ್ಸನ್ ಅವರ 1976ರ ಫ್ಲೋರಾ. ಮಲೆನಾಡಿನ ಬೇರೆ ಜಿಲ್ಲೆಯವರಿಗೂ ಅದು ಬಹಳ ಉಪಯುಕ್ತ, ನನ್ನ ಮಟ್ಟಿಗೆ ಅದರ ಕೀಲಿಗಳೇ (ಗಿಡ ಗುರುತಿಸಲು ಹಂತಹಂತವಾಗಿ ಕೊಟ್ಟ ಲಕ್ಷಣಗಳು) ಅತ್ಯಂತ ಸ್ಪಷ್ಟ.

ಚಿತ್ರಫಲಕ ಉತ್ತರ:

ಕರ್ತೃಗಳ ಹೆಸರಿನಲ್ಲಿ ಕಾಣದವರ ಬಗ್ಗೆಯೂ ಇಲ್ಲಿ ಬರೆಯಲೇಬೇಕು. ವೈಟ್‌ನ ‘ಐಕೋನ್ಸ್’ (1838–1853, 6 ಸಂಪುಟ, 2101 ಚಿತ್ರ) ತೆರೆದು ಚಿತ್ರದ ಕೆಳಗಿನ ಮೂಲೆ ನೋಡಿ: ರಂಗಯ್ಯ, ಗೋವಿಂದು ಅನ್ನುವ ಸಹಿಗಳು ಸಿಗುತ್ತವೆ. ಗಿಡವನ್ನು ಮುಂದಿಟ್ಟುಕೊಂಡು, ಹೂವನ್ನು ಸೀಳಿ ಕೇಸರ, ಅಂಡಾಶಯಗಳನ್ನು ಹಿಗ್ಗಿಸಿ ಬರೆದವರು ಇವರು. ವೈಟ್ 1853ರಲ್ಲಿ ಒಂದು ಸೀತಾಳೆ (ಆರ್ಕಿಡ್) ಕುಲಕ್ಕೆ ‘ಗೋವಿಂದೂಯ’ ಅಂತ ಹೆಸರಿಟ್ಟ. ಅದು ಈಗ ಟ್ರೊಪಿಡಿಯಾದಲ್ಲಿ ಸೇರಿಹೋಗಿದೆ. ರಾಕ್ಸ್‌ಬರ್ಗ್‌ನ ಎಷ್ಟೋ ಪ್ರಭೇದಗಳಿಗೆ ಒಣಗಿದ ಮಾದರಿ ಸಿಗದೆ ಭಾರತೀಯ ಕಲಾವಿದರು ಬರೆದ ಬಣ್ಣದ ಚಿತ್ರವನ್ನೇ ಆಧಾರವಾಗಿ ಹಿಡಿಯುತ್ತಾರೆ.

ಇನ್ನೂ ಹಿಂದೆ ಹೋದರೆ ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್‌ನ ‘ಹೋರ್ಟಸ್ ಮಲಬಾರಿಕಸ್’, 12 ಸಂಪುಟ, 1678ರಿಂದ 1693. ಗಿಡಗಳ ತಿಳಿವಳಿಕೆ ಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್, ಮತ್ತು ಕೊಚ್ಚಿಯ ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಆ ಮೂವರು ಕೊಂಕಣಿ ವೈದ್ಯರ ದೃಢೀಕರಣ ಪತ್ರ ನಾಗರಿ ಲಿಪಿಯಲ್ಲಿ 1ನೇ ಸಂಪುಟದಲ್ಲೇ ಅಚ್ಚಾಗಿದೆ. ಮಲಬಾರಿನ ಎಷ್ಟೋ ಗಿಡಗಳನ್ನು ಲಿನೇಯಸ್ 1753ರಲ್ಲಿ ಹೆಸರಿಸಿದ್ದು ಆ ಚಿತ್ರಗಳನ್ನು ನೆಚ್ಚಿಕೊಂಡು. ನಿಮ್ಮ ಫಲಕದಲ್ಲಿ ‘ಎಲ್.’ ಕಂಡಾಗ ಹಿಂದೆ ರೀಡ್‌ನ ಚಿತ್ರವಿದೆಯೇ ಅಂತ ಮೂಲ ಪುಟದಲ್ಲಿ ನೋಡಬಹುದು. ಲಿನೇಯಸ್ ಅದನ್ನು ‘ರೀಡ್. ಮಲ್.’ ಅಂತ ಸಂಪುಟ, ಪುಟದ ಸಂಖ್ಯೆಯೊಂದಿಗೆ ಬರೆದಿರುತ್ತಾನೆ.

ಫಲಕದ ಅಚ್ಚಿನವರಿಗೆ ಎರಡು ಸೂಚನೆ ಕೊಡಿ. ಕುಲ ಮತ್ತು ಪ್ರಭೇದದ ಹೆಸರು ಮಾತ್ರ ಓರೆ ಅಕ್ಷರ, ಕರ್ತೃವಿನ ಹೆಸರು ನೆಟ್ಟಗೆ, ನಡುವೆ ಅಲ್ಪವಿರಾಮ ಬೇಡ. ಸಂಕ್ಷೇಪದ ಕೊನೆಯ ಚುಕ್ಕಿ ಇರಲೇಬೇಕು. ಅಂದ ಕೆಡುತ್ತದೆ ಅಂತ ಅದನ್ನು ತೆಗೆಯುವವರೇ ಹೆಚ್ಚು, ಕರಡನ್ನು ನೀವೇ ತಿದ್ದಿ ಕೊಡಿ.