15×20 ಮಶೀನ್: ಐದಾರುನೂರು ಶೀಟ್ ಆದಮ್ಯಾಲೆ ಖಾಲಿ ಜಾಗಾದಾಗ ಮಬ್ಬು ಬಣ್ಣ, ಇಂಕೂ ಒಣಗವಲ್ದು

ಬೆಟಗೇರಿ_ಪ್ರೆಸ್
ಎಲ್ಲಾರಿಗೂ ನಮಸ್ಕಾರ್ರೀ. ನಮ್ದು ಗದಗ-ಬೆಟಗೇರಿಯೊಳಗ ಮನಿಮಂದಿನ ನಡಸೋ ಪ್ರೆಸ್. ಒಂದು 15×20 ಇಂಚಿನ ಸಿಂಗಲ್ ಕಲರ್ ಆಫ್‌ಸೆಟ್, ಒಂದು ಹಳೇ ಟ್ರೆಡಲ್ (ಮೊಳೆ ಜೋಡಿಸಿ ಹೊಡೆಯೋ ಮಶೀನ್). ಆಫ್‌ಸೆಟ್‌ನ್ಯಾಗ ಮೊದಲಿನ ಐದಾರುನೂರು ಶೀಟ್ ಸ್ವಚ್ಛ ಬರ್ತಾವು, ಆಮ್ಯಾಲೆ ಖಾಲಿ ಜಾಗಾದಾಗ ತೆಳ್ಳಗ ಮಬ್ಬು. ನೀರು ಏರಿಸಿದ್ರ ಮಬ್ಬು ಹೋಗತೈತಿ, ಜೋಡಿಗೆ ಅಕ್ಷರಾನೂ ಬೆಳ್ಳಗಾಗತಾವು. ಇಂಕ್ ಏರಿಸಿದ್ರ ಮತ್ತ ಮಬ್ಬು. ಫೌಂಟನ್ ಕೆಮಿಕಲ್ (ಪ್ಲೇಟಿಗೆ ಹೋಗೋ ನೀರಿಗೆ ಬೆರಸೋ ಆಮ್ಲದ ದ್ರಾವಣ) ಡಬಲ್ ಹಾಕಿ ನೋಡಿದ್ವಿ; ಈಗ 130 ಜಿಎಸ್‌ಎಂ ಆರ್ಟ್ ಪೇಪರ್ ಎರಡನೇ ದಿನಾನೂ ಕೈಗೆ ಹತ್ತತೈತಿ. ಪ್ಲೇಟ್ ಹೊಸಾದು, ನೀರು ಬೋರಿಂದು. ರೋಲರ್ ಎಲ್ಲಾ ಬದಲಿ ಮಾಡೂಣು ಅಂತಾರ ಅಪ್ಪಾರು. ಅದಕ್ಕ ಮೊದಲ ಏನೇನು ನೋಡಬೇಕ್ರಿ?

ಹುಬ್ಬಳ್ಳಿ_ಆಫ್‌ಸೆಟ್
ಮಬ್ಬು ಕಂಡ ಕೂಡಲೇ ಮಶೀನ್ ನಿಲ್ಲಿಸಿ ಒದ್ದೆ ಸ್ಪಂಜಿನಿಂದ ಪ್ಲೇಟಿನ ಖಾಲಿ ಜಾಗ ಒರೆಸಿ. ಸುಲಭವಾಗಿ ಹೋಗಿ, ಸ್ವಲ್ಪ ಶೀಟ್ ಹೊಡೆದ ಮೇಲೆ ಮತ್ತೆ ಬಂದರೆ ಅದು ಟೋನಿಂಗ್, ಅಂದರೆ ಇಂಕು ನೀರಿನೊಳಗೆ ಒಡೆದು ಕಲೆತಿದೆ. ಒರೆಸಿದರೂ ಕಚ್ಚಿಕೊಂಡೇ ಇದ್ದರೆ ಸ್ಕಮ್ಮಿಂಗ್. ಆಗ ಪ್ಲೇಟಿನ ಮೇಲ್ಮೈಯೇ ಇಂಕು ಹಿಡಿಯತೊಡಗಿದೆ. ಗಮ್ (ಪ್ಲೇಟ್ ಕಾಯುವ ಅಂಟು) ಹಚ್ಚದೆ ಒದ್ದೆ ಪ್ಲೇಟನ್ನು ಹಾಗೇ ಬಿಟ್ಟರೆ ಆಗುವುದು ಹೆಚ್ಚಾಗಿ ಈ ಎರಡನೆಯದು.

ನಿಮ್ಮ ವಿವರ ಟೋನಿಂಗ್ ಕಡೆಗೇ ಹೋಗುತ್ತದೆ. ಖಾತ್ರಿಗೆ ರೋಲರ್ ಮೇಲಿನ ಇಂಕು ಸ್ವಲ್ಪ ತೆಗೆದು ಗಾಜಿನ ಮೇಲೆ ಚಾಕುವಿನಿಂದ ಒತ್ತಿ ಎಳೆಯಿರಿ. ಸಣ್ಣ ಸಣ್ಣ ನೀರಿನ ಹನಿ ಬೆವರಿನಂತೆ ಹೊರಬಂದರೆ ಇಂಕು ಅತಿಯಾಗಿ ನೀರು ಕುಡಿದಿದೆ.

ಟ್ರೆಡಲ್‌ನ ಮೊಳೆಯಲ್ಲಿ ಅಕ್ಷರ ಎದ್ದು ನಿಂತಿರುತ್ತದೆ. ಆಫ್‌ಸೆಟ್ ಪ್ಲೇಟಿನಲ್ಲಿ ಅಕ್ಷರವೂ ಖಾಲಿ ಜಾಗವೂ ಒಂದೇ ಮಟ್ಟ, ನಡುವಿನ ಗಡಿ ಕಾಯುವುದು ನೀರಿನ ತೆಳು ಪದರ ಮಾತ್ರ. ಬೋರ್ ನೀರು ಗಡಸಾಗಿದ್ದರೆ ಅದರ ಬೈಕಾರ್ಬೊನೇಟು ಫೌಂಟನ್ನಿನ ಆಮ್ಲವನ್ನು ತಿಂದು ಪಿಎಚ್ ಏರಿಸುತ್ತದೆ. ಪಿಎಚ್ ಪಟ್ಟಿಯನ್ನು ಫೌಂಟನ್ ನೀರಿಗೆ ಅದ್ದಿ ನೋಡಿ: 4.8ರಿಂದ 5.5ರ ಒಳಗೆ ಇರಬೇಕು. ಕೆಮಿಕಲ್ ಸಾಮಾನ್ಯವಾಗಿ ಲೀಟರಿಗೆ 20-30 ಮಿಲಿ, ಡಬ್ಬಿಯ ಮೇಲೆ ಬರೆದಷ್ಟೇ. ಕ್ಯಾಪಿನ ಅಂದಾಜು ಬೇಡ, ಅಳತೆಯ ಲೋಟ ಇಡಿ. ಡಬಲ್ ಹಾಕಿದ್ದರಿಂದಲೇ ನಿಮ್ಮ ಇಂಕು ಒಣಗುತ್ತಿಲ್ಲ ಅನ್ನಿಸುತ್ತದೆ: ಆಮ್ಲ ಹೆಚ್ಚಾದರೆ ಇಂಕಿನೊಳಗಿನ ಡ್ರೈಯರ್ (ಒಣಗಿಸುವ ರಾಸಾಯನಿಕ) ಕೆಲಸ ಕೆಡುತ್ತದೆ. ಅದಕ್ಕೆಂದು ಮೇಲಿಂದ ಕೋಬಾಲ್ಟ್ ಡ್ರೈಯರ್ ಸುರಿಯಬೇಡಿ. ಶೇ. 1-2 ದಾಟಿದರೆ ಇಂಕು ರೋಲರ್ ಮೇಲೇ ಒಣಗತೊಡಗುತ್ತದೆ, ಟೋನಿಂಗೂ ಹೆಚ್ಚುತ್ತದೆ.

ಧಾರವಾಡ_ಮಶೀನ್‌ಮ್ಯಾನ್
ನೀರಿನ ಮಾತು ಖರೆ ಅದ, ಆದ್ರ ಬರೇ ನೀರಿನ ಮ್ಯಾಲೆ ಹಾಕಬ್ಯಾಡ್ರಿ. ಸೆಟ್ಟಿಂಗ್ ತಪ್ಪಿದ್ರ ಗಂಗಾಜಲ ಹಾಕಿದ್ರೂ ಮಬ್ಬು ಬರ್ತದ. ಇಂಕ್ ಹಚ್ಚಿದ ಮಶೀನ್ ನಿಂತಾಗ ಫಾರ್ಮ್ ರೋಲರ್ (ಪ್ಲೇಟಿಗೆ ಇಂಕ್ ಹಚ್ಚೋ ರೋಲರ್) ಪ್ಲೇಟಿನ ಮ್ಯಾಲೆ ಇಳಿಸಿ, ಎತ್ತಿ, ಅಲ್ಲಿ ಬಿದ್ದ ಇಂಕಿನ ಗೆರಿ ನೋಡ್ರಿ. ಈ ಸೈಜಿಗೆ 3-4 ಮಿಮೀ ಸಾಕು, ಈ ತುದಿಯಿಂದ ಆ ತುದಿತನಕ ಒಂದೇ ಅಗಲ. ನಡುವ ತೆಳ್ಳಗ, ತುದಿಗೆ ದಪ್ಪ ಇದ್ರ ರೋಲರ್ ಸವದದ, ಸ್ಕ್ರೂ ತಿರುವಿದ್ರ ಸರಿ ಆಗೂದಿಲ್ಲ. ಒಂದ ಕಡೆ ದಪ್ಪ ಇದ್ರ ಬರೇ ಸೆಟ್ಟಿಂಗ್.

ಡ್ಯಾಂಪಿಂಗ್ ರೋಲರಿಗೆ (ಪ್ಲೇಟಿಗೆ ನೀರು ಹಚ್ಚೋ ರೋಲರ್) ಗೆರಿ ಬೀಳೂದಿಲ್ಲ. ಅದಕ್ಕ ಒಂದು ಇಂಚಿನ ಎರಡು ಕಾಗದದ ಪಟ್ಟಿ, ರೋಲರ್ ಮತ್ತ ಪ್ಲೇಟಿನ ನಡುವ ಎರಡೂ ತುದಿಗೆ ಒಂದೊಂದು ಸಿಗಿಸಿ ಎಳೀರಿ. ಎರಡೂ ಕೈಗೆ ಒಂದೇ ಬಿಗಿ ಹತ್ತಬೇಕು. ಅದರ ಮ್ಯಾಲೆ ಸುತ್ತಿದ ಮೊಲ್ಟನ್ ಬಟ್ಟಿಗೆ ಇಂಕ್ ಹಿಡದು ಬಿರುಸಾಗಿದ್ರ ಮೊದಲ ಬಟ್ಟಿ ಬದಲಿ ಮಾಡ್ರಿ, ರೋಲರಿನ ಖರ್ಚು ಆಮ್ಯಾಲೆ.

ತೊಳಿಯೂದು ಚಿಮಣಿ ಎಣ್ಣಿಯಿಂದೇನು? ಅದು ಜಿಡ್ಡು ಬಿಟ್ಟು ಹೋಗ್ತದ. ಕಡೀಕ ರೋಲರ್ ವಾಶ್ ಹಚ್ಚಿ ಪೂರಾ ಒರಸಬೇಕು.

ಬೆಟಗೇರಿ_ಪ್ರೆಸ್
ನೋಡಿದ್ವಿರೀ. ಸ್ಪಂಜಿಗೆ ಮಬ್ಬು ಪೂರಾ ಹೋತು, ಚಾಕುವಿಗೆ ಹನಿ ಬಂತು. ಗೆರಿ ಹ್ಯಾಂಡಲ್ ಕಡೆ 3, ಗೇರ್ ಕಡೆ 7 ಮಿಮೀ. ರೋಲರ್ ಮ್ಯಾಲೆ ಅಲ್ಲಲ್ಲಿ ಇಂಕ್ ಹಿಡೀಲಾರದ ಹೊಳೆಯೋ ಪಟ್ಟಿ ಅದಾವು. ಅದೇನ್ರಿ?

ಹುಬ್ಬಳ್ಳಿ_ಆಫ್‌ಸೆಟ್
ಅದು ಸುಣ್ಣ. ಗಡಸು ನೀರಿನದೂ ಇರಬಹುದು, ಕಾಗದದ ಲೇಪನದಿಂದ ಬಂದದ್ದೂ ಇರಬಹುದು. ರಬ್ಬರಿನ ಮೇಲೆ ಕೂತು ಇಂಕನ್ನು ದೂರ ತಳ್ಳುತ್ತದೆ. ಮೊದಲು ಇಂಕು ಪೂರ್ತಿ ತೊಳೆದು, ಕ್ಯಾಲ್ಶಿಯಂ ತೆಗೆಯುವ ರೋಲರ್ ಕ್ಲೀನರ್ ಹಾಕಿ ಮಶೀನ್ ನಿಧಾನ ತಿರುಗಿಸಿ. ಅದು ಸಿಗದಿದ್ದರೆ ನೀರು ಬೆರೆಸಿದ ವಿನೆಗರ್ ಆದೀತು. ಆಮೇಲೆ ಬರೀ ನೀರು, ಕೊನೆಗೆ ವಾಶ್. ಆಮ್ಲ ಕಬ್ಬಿಣದ ಮೇಲೆ ಉಳಿಯಬಾರದು, ತುಕ್ಕು ಹಿಡಿಯುತ್ತದೆ.

ಗೇರ್ ಕಡೆಯ ಒತ್ತಡ ಇಳಿಸುವಾಗ ಕ್ರಮ ನೆನಪಿರಲಿ: ಫಾರ್ಮ್ ರೋಲರನ್ನು ಮೊದಲು ಅದಕ್ಕೆ ಇಂಕು ಕೊಡುವ, ಅಡ್ಡಡ್ಡ ಸರಿಯುವ ವೈಬ್ರೇಟರ್‌ಗೆ ಕೂಡಿಸಿ, ನಂತರ ಪ್ಲೇಟಿಗೆ. ತಿರುಗುಮುರುಗು ಮಾಡಿದರೆ ಎರಡೂ ಕೆಡುತ್ತವೆ. ರೋಲರ್ ಬದಲಿಸುವ ಮಾತು ಸದ್ಯಕ್ಕೆ ಬೇಡ, ಅಪ್ಪಾರಿಗೆ ಹೇಳಿ. ಆರ್‌ಒ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ ಬಳಸಿ. ಪೂರಾ ಮೆತ್ತಗಿನ ನೀರೂ ಒಳ್ಳೆಯದಲ್ಲ, ಕಾಗದದ ಸುಣ್ಣವನ್ನು ಇನ್ನಷ್ಟು ಎಳೆಯುತ್ತದೆ.

ಹೊಸ ಇಂಕು ಹಚ್ಚಿದ ಮೇಲೆ ನೀರನ್ನು ಮೇಲಿನಿಂದಲ್ಲ, ಕೆಳಗಿನಿಂದ ಹೊಂದಿಸಿ. ಇಳಿಸುತ್ತಾ ಬನ್ನಿ, ಪ್ಲೇಟಿನ ಅಂಚು ಮಸಿ ಹಿಡಿಯತೊಡಗಿದ ಕಡೆ ನಿಲ್ಲಿಸಿ, ಅಲ್ಲಿಂದ ನೀರಿನ ಕಂಟ್ರೋಲ್ ಒಂದೆರಡು ಹಲ್ಲು ಏರಿಸಿದರೆ ಸಾಕು.

ಧಾರವಾಡ_ಮಶೀನ್‌ಮ್ಯಾನ್
ಈಗ ಹಸಿ ಇರೋ ಆರ್ಟ್ ಪೇಪರ್ ಒಂದ ಅಟ್ಟಿ ಹಾಕಬ್ಯಾಡ್ರಿ, ಹಿಂದಿನ ಮೈಗೆ ಅಚ್ಚು ಬೀಳ್ತದ. ಸಣ್ಣ ಸಣ್ಣ ಅಟ್ಟಿ ಮಾಡಿ ನಡುನಡುವ ಗಾಳಿ ಆಡಿಸ್ರಿ. ಪೂರಾ ಒಣಗೂತನಕ ಕಟಿಂಗಿಗೆ ಒಯ್ಯಬ್ಯಾಡ್ರಿ, ಕ್ಲ್ಯಾಂಪಿನ ಒತ್ತಡಕ್ಕ ಎಲ್ಲಾ ಅಂಟ್ಕೋತಾವು.