ಮಾತಿನ ಗುಳ್ಳೆಯಷ್ಟೇ ಓದಿದೆನಂತೆ: ಚಿತ್ರದ ಹಿನ್ನೆಲೆ ಓದುವುದು ಹೇಗೆ?

ಕೇಳಿದವರು: ಕಲಬುರಗಿಯ ಓದುಗ

ಕಳೆದ ತಿಂಗಳು ಸೂಪರ್ ಮಾರ್ಕೆಟ್ ಕಡೆ ಹಳೆಯ ಪುಸ್ತಕಗಳ ರಾಶಿಯಲ್ಲಿ ‘ವಾಚ್‌ಮೆನ್’ ಸಿಕ್ಕಿತು. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ಸೂಪರ್‌ಹೀರೋ ಕಾಮಿಕ್ಸ್. 1986–87ರಲ್ಲಿ ಡಿಸಿ ಸಂಸ್ಥೆ 12 ಸಂಚಿಕೆಗಳಾಗಿ ತಂದದ್ದು. ನನ್ನ ಕೈಗೆ ಬಂದದ್ದು ಎಲ್ಲವನ್ನೂ ಸೇರಿಸಿ ಹೊಲಿದ ದಪ್ಪ ಪ್ರತಿ. ಬಿಸಿಲಿಗೆ ಹೊರಗೆ ಕಾಲಿಡಲಾಗದ ಮಧ್ಯಾಹ್ನಗಳಲ್ಲಿ ಕೂತು ಮುಗಿಸಿದೆ. ಪುಣೆಯಿಂದ ಬಂದಿದ್ದ ಚಿಕ್ಕಪ್ಪನ ಮಗ ಪುಸ್ತಕ ತಿರುವಿ, “ನೀನು ಮಾತಿನ ಗುಳ್ಳೆಗಳನ್ನಷ್ಟೇ ಓದಿದ್ದೀಯ” ಎಂದು ನಕ್ಕ. ಕಥೆಯುದ್ದಕ್ಕೂ ಮುಖವಾಡ ಹಾಕುವ ಪಾತ್ರ ರೋರ್ಶಾಕ್ ಮೊದಲ ಪುಟದಲ್ಲೇ ಬರಿಮುಖದಲ್ಲಿ ನಡೆದುಹೋಗುತ್ತಾನಂತೆ! ನಾನು ಕಂಡೇ ಇರಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಇಂಗ್ಲಿಷ್ ಸಾಲುಗಳನ್ನು ಬಿಡಿಸಿಕೊಳ್ಳುವುದರಲ್ಲೇ ಸುಸ್ತಾಗುತ್ತೇನೆ. ಅಧ್ಯಾಯಗಳ ಕೊನೆಯಲ್ಲಿ ಬರುವ ಬರಿ ಬರಹದ ಪುಟಗಳನ್ನು ಹಾರಿಸಿದ್ದೇನೆ, ಸುಳ್ಳು ಹೇಳುವುದಿಲ್ಲ. ಅಡಗಿಸಿಟ್ಟ ಸಂಗತಿಗಳನ್ನು ನೀವೆಲ್ಲ ಹೇಗೆ ಹಿಡಿದಿರಿ? ಮೊಬೈಲಿನಲ್ಲಿ ಟಿಪ್ಪಣಿ ತೆರೆದಿಟ್ಟುಕೊಂಡು ಓದಬೇಕೆ?

ಗಡಿಯಾರದ ಅಂಗಡಿಯವನು, ಕಲಬುರಗಿ

ತಮ್ಮಾ, ನಮ್ಮದು ತಂದೆಯ ಕಾಲದಿಂದ ಬಂದ ಗಡಿಯಾರ ರಿಪೇರಿ ಅಂಗಡಿ. ಹೆಸರಿನಲ್ಲಿ ‘ವಾಚ್’ ಇದೆ ಎಂದು ಗೆಳೆಯನೊಬ್ಬ ತಮಾಷೆಗೆ ಈ ಪುಸ್ತಕ ತಂದುಕೊಟ್ಟ. ತಮಾಷೆ ಅವನ ಮೇಲೆಯೇ ತಿರುಗಿತು. ನಾಲ್ಕನೆಯ ಅಧ್ಯಾಯದಲ್ಲಿ ಡಾಕ್ಟರ್ ಮ್ಯಾನ್‌ಹಟನ್ ಎಂಬ ಸೂಪರ್‌ಹೀರೋನ ತಂದೆ ಗಡಿಯಾರದವನೇ. 1945ರಲ್ಲಿ ಹಿರೋಷಿಮಾದ ಸುದ್ದಿ ಓದಿದವನು, ಮಗ ಜೋಡಿಸುತ್ತಿದ್ದ ಗಡಿಯಾರದ ಬಿಡಿಭಾಗಗಳನ್ನು ಮಹಡಿಯಿಂದ ಕೆಳಗೆ ಸುರಿದುಬಿಡುತ್ತಾನೆ. ಪುಟ್ಟ ಚಕ್ರಗಳು ಗಾಳಿಯಲ್ಲಿ ಚೆದುರಿ ಬೀಳುವ ಆ ಚಿತ್ರ ನೋಡಿ ನನ್ನ ಹೊಟ್ಟೆ ತೊಳಸಿತು. ಒಂದು ಸ್ಕ್ರೂ ಕೈಜಾರಿದರೆ ನೆಲಕ್ಕೆ ಕೆನ್ನೆ ಹಚ್ಚಿ ಅರ್ಧ ಗಂಟೆ ಹುಡುಕುವ ಕಸುಬು ನಮ್ಮದು.

ಅಂದಿನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಹಾಕಿಕೊಂಡು ಗಡಿಯಾರಗಳನ್ನಷ್ಟೇ ಹುಡುಕಿದೆ. ಅಧ್ಯಾಯದಿಂದ ಅಧ್ಯಾಯಕ್ಕೆ ಒಂದು ಗಡಿಯಾರದ ಮುಳ್ಳು ನಡುರಾತ್ರಿಯ ಕಡೆ ಸರಿಯುತ್ತದೆ. ಮೇಲಿನಿಂದ ರಕ್ತ ಇಳಿಯುತ್ತ ಬರುತ್ತದೆ. ನಗುಮುಖದ ಹಳದಿ ಬಿಲ್ಲೆಯ ಮೇಲಿನ ರಕ್ತದ ಕಲೆಯನ್ನು ಈಗ ನೋಡು. ಹನ್ನೆರಡಕ್ಕೆ ಕೆಲವೇ ನಿಮಿಷ ಉಳಿದಾಗಿನ ಮುಳ್ಳಿನ ಓರೆಯೇ ಅದು. ಆ ಬಿಲ್ಲೆ ಮೊದಲ ಪುಟದಲ್ಲಿ ಚರಂಡಿಯ ಬಳಿ ರಕ್ತದಲ್ಲಿ ಬಿದ್ದಿರುತ್ತದೆ. ಕೊನೆಯ ಪುಟದಲ್ಲಿ ಒಬ್ಬ ಹುಡುಗನ ಅಂಗಿಯ ಮೇಲೆ ಅದೇ ನಗುಮುಖ, ಅದರ ಮೇಲೆ ಕೆಚಪ್ ಕಲೆ. ಎಲ್ಲವನ್ನೂ ಒಮ್ಮೆಗೇ ಹುಡುಕಬೇಡ. ನಿನಗೆ ಕೈಹತ್ತಿದ ಒಂದು ವಸ್ತುವನ್ನು ಹಿಡಿದು ಕೊನೆತನಕ ಹೋಗು.

ಬೀದರ್‌ನಿಂದ, ಬಿದರಿ ಕೆಲಸದವರ ಮನೆಯ ಹುಡುಗ

ಮೇಲಿನ ಅಣ್ಣನವರ ಮಾತಿಗೆ ನನ್ನದೊಂದು ಸೇರಿಕೆ. ಹುಡುಕಬೇಕಾದದ್ದು ಯಾವಾಗಲೂ ವಸ್ತುವೇ ಆಗಿರಬೇಕಿಲ್ಲ, ಪುಟದ ಕಟ್ಟಣೆಯೂ ಇರಬಹುದು. ಐದನೆಯ ಅಧ್ಯಾಯ ತೆಗೆಯಿರಿ. ಒಟ್ಟು 28 ಪುಟ. ಒಂದನೆಯ ಪುಟಕ್ಕೆ ಇಪ್ಪತ್ತೆಂಟನೆಯದು ಜೋಡಿ, ಎರಡಕ್ಕೆ ಇಪ್ಪತ್ತೇಳು. ಹೀಗೆ ಹೊರಗಿನಿಂದ ಒಳಕ್ಕೆ ಬಂದರೆ 14 ಮತ್ತು 15 ಎದುರುಬದುರು ಕೂತು ಕನ್ನಡಿಯಂತೆ ಕಾಣುತ್ತವೆ. ಜೋಡಿ ಪುಟಗಳಲ್ಲಿ ಚೌಕಗಳ ಜೋಡಣೆ ತಿರುವುಮುರುವು. ಆರಂಭದಲ್ಲಿ ಕೊಚ್ಚೆ ನೀರಿನಲ್ಲಿ ಪ್ರತಿಫಲಿಸುವ ಫಲಕ ಕೊನೆಯಲ್ಲಿ ಮತ್ತೆ ಬರುತ್ತದೆ. ಅಧ್ಯಾಯದ ಹೆಸರೇ ವಿಲಿಯಂ ಬ್ಲೇಕ್‌ನ ಹುಲಿಯ ಪದ್ಯದ ‘ಭಯಂಕರ ಸಮರೂಪತೆ’. ರೋರ್ಶಾಕ್‌ನ ಮುಖವಾಡದ ಮಸಿಯೂ ಎರಡು ಬದಿಗೆ ಒಂದೇ ರೂಪ.

ನಾನು ಎರಡೂ ಕೈಯ ಹೆಬ್ಬೆರಳಿನಿಂದ ಎರಡು ತುದಿಯ ಪುಟಗಳನ್ನು ಒಟ್ಟಿಗೆ ಹಿಡಿದು ತಿರುವುತ್ತ ಹೋದೆ. ದೊಡ್ಡಪ್ಪ ನೋಡಿ, “ಪುಸ್ತಕ ಹರಿಯುತ್ತೀಯಾ?” ಎಂದು ಗದರಿಸಿದರು. ತೋರಿಸಿದ ಮೇಲೆ ತಾವೇ ಕನ್ನಡಕ ಹಾಕಿಕೊಂಡು ಕೂತರು. ಅವರಿಗೆ ಹೊಸದೇನೂ ಅನ್ನಿಸಲಿಲ್ಲ. ಹೂದಾನಿಯ ಮೇಲೆ ಬಳ್ಳಿ ಕೊರೆಯುವಾಗ ಬಲದ ಎಲೆಗೆ ಎಡದ ಎಲೆ ಹೊಂದಬೇಕೆಂದು ದಿನವೂ ಹೆಣಗುವವರು. ಬೆಳ್ಳಿ ಕೂರಿಸಿದ ಕೂಡಲೇ ಬಿದರಿ ಕಣ್ಣಿಗೆ ಹೊಡೆಯುವುದಿಲ್ಲ; ಸತು, ತಾಮ್ರದ ಆ ಪಾತ್ರೆಯನ್ನು ಕಾಯಿಸಿ, ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಳಿದು, ಮೈಯೆಲ್ಲ ಕಪ್ಪಾದ ಮೇಲೆ ಬೆಳ್ಳಿ ಎದ್ದು ಬರುತ್ತದೆ. “ಹಿಂದಿನದನ್ನು ಬಿಡಿಸಿದವನು ಮುಂದಿನದಕ್ಕಿಂತ ಹೆಚ್ಚು ಬೆವರು ಸುರಿಸಿದ್ದಾನೆ” ಎಂದರು ದೊಡ್ಡಪ್ಪ.

ಒಂದು ಮಾತು: ಒಂದೊಂದೇ ಚೌಕ ದೊಡ್ಡದಾಗಿ ತೋರಿಸುತ್ತ ಹೋಗುವ ಮೊಬೈಲ್ ಓದು ಇದಕ್ಕೆ ಆಗುವುದಿಲ್ಲ. ಪುಟಕ್ಕೆ ಒಂಬತ್ತು ಚೌಕದ ಕಟ್ಟು ಈ ಪುಸ್ತಕದ ಬೆನ್ನೆಲುಬು. ಪುಟ ಇಡಿಯಾಗಿ ಕಣ್ಣಿಗೆ ಬೀಳಬೇಕು.

ಇಂಗ್ಲಿಷ್ ಮೇಷ್ಟ್ರು, ಕಲಬುರಗಿ ಜಿಲ್ಲೆ

ಇಂಗ್ಲಿಷ್ ಬಗ್ಗೆ ಹಿಂಜರಿಕೆ ಬೇಡ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಪ್ರಶ್ನೆ ಪುಸ್ತಕದುದ್ದಕ್ಕೂ ಬರುತ್ತದೆ: ಕಾವಲುಗಾರರನ್ನು ಕಾಯುವವರಾರು? ಆದರೆ ಒಮ್ಮೆಯೂ ಪೂರ್ತಿ ಕಾಣುವುದಿಲ್ಲ. ಚೌಕದ ಅಂಚು ಕತ್ತರಿಸುತ್ತದೆ, ಇಲ್ಲವೇ ಯಾರೋ ಅಡ್ಡ ನಿಂತಿರುತ್ತಾರೆ. ರೋಮನ್ ಕವಿ ಜುವೆನಾಲ್‌ನ ಆ ಸಾಲು ಇಡಿಯಾಗಿ ಸಿಗುವುದು ಪುಸ್ತಕದ ತೀರ ಕೊನೆಯಲ್ಲಿ, ಲ್ಯಾಟಿನ್‌ನಲ್ಲಿ. ಬೇಲಿಯೇ ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದು 12ನೆಯ ಶತಮಾನದಲ್ಲಿ ಬಸವಣ್ಣನವರು ಕೇಳಿದ್ದೂ ಇದನ್ನೇ. ತರಗತಿಯಲ್ಲಿ ಇಷ್ಟು ಹೇಳಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಾರಿಸಿದ ಬರಹದ ಪುಟಗಳನ್ನು ಮಾತ್ರ ದಯವಿಟ್ಟು ಓದಿ. ಕೊನೆಯದನ್ನು ಬಿಟ್ಟು ಉಳಿದ 11 ಅಧ್ಯಾಯಗಳಿಗೂ ಅವು ಇವೆ: ಒಬ್ಬನ ಆತ್ಮಕಥೆಯ ಭಾಗ, ಪೊಲೀಸ್ ಕಡತ, ಪತ್ರಗಳು. ನಿಘಂಟು ಹಿಡಿದು ದಿನಕ್ಕೊಂದು ಪುಟವಾದರೂ ಸಾಕು. ಚಿತ್ರದಲ್ಲಿ ಕಂಡೂ ಕಾಣದಂತಿದ್ದದ್ದಕ್ಕೆ ಅಲ್ಲಿ ಸಾಕ್ಷಿ ಸಿಗುತ್ತದೆ.

ಯಾದಗಿರಿಯ ಓದುಗಿ

ಮೇಷ್ಟ್ರೇ, ನೀವೆಲ್ಲ ಹೀರೋಗಳನ್ನೇ ಹಿಡಿದಿದ್ದೀರಿ. ನಾನು ಓದಿದ್ದು ಪತ್ರಿಕೆ ಅಂಗಡಿಯ ಮೂಲೆಯನ್ನು. ನಮ್ಮ ತಂದೆಯೂ ಪತ್ರಿಕೆ ಮಾರುತ್ತಿದ್ದರು. ಕೊಳ್ಳದೆ ನಿಂತಲ್ಲೇ ಓದಿ ಮುಗಿಸಿ, ಮಡಿಕೆ ಕೆಡದಂತೆ ಇಟ್ಟುಹೋಗುವ ಹುಡುಗರು ನಮ್ಮಲ್ಲಿಗೂ ಬರುತ್ತಿದ್ದರು. ಈ ಪುಸ್ತಕದಲ್ಲಿ ಒಬ್ಬ ಹುಡುಗ ಅಂಗಡಿಯ ಪಕ್ಕದ ಕಂಬಕ್ಕೆ ಒರಗಿ ಕಡಲ್ಗಳ್ಳರ ಕಾಮಿಕ್ಸ್ ಓದುತ್ತ ಕೂತಿರುತ್ತಾನೆ. ಆ ಕಂಬ ವಿದ್ಯುತ್ ಕಾರುಗಳಿಗೆ ಚಾರ್ಜ್ ಮಾಡುವ ಜಾಗ. 1986ರಲ್ಲೇ ಅದನ್ನು ಬೀದಿಯ ಮೂಲೆಯಲ್ಲಿ ಬಿಡಿಸಿಟ್ಟಿದ್ದಾರೆ. ಸೂಪರ್‌ಹೀರೋಗಳು ನಿಜವಾಗಿಯೂ ಇರುವ ಊರಿನಲ್ಲಿ ಅವರ ಕಾಮಿಕ್ಸ್ ಯಾರು ಕೊಳ್ಳುತ್ತಾರೆ? ಅದಕ್ಕೇ ಅಲ್ಲಿ ಕಡಲ್ಗಳ್ಳರದ್ದು ಮಾರುತ್ತದೆ. ಬರ್ಗರ್ ಅಂಗಡಿ ಇರಬೇಕಾದಲ್ಲಿ ನಮ್ಮ ದೇಶದ ಅಡುಗೆಯ ‘ಗಂಗಾ ಡೈನರ್’. ಅಮೆರಿಕದ ಅಧ್ಯಕ್ಷ ಇನ್ನೂ ನಿಕ್ಸನ್.

ಅಂಗಡಿಯವನು ಯುದ್ಧದ ಸುದ್ದಿ ಬಡಬಡಿಸುತ್ತಲೇ ಇರುತ್ತಾನೆ, ಹುಡುಗ ತಲೆ ಎತ್ತುವುದಿಲ್ಲ. ಅವನು ಓದುತ್ತಿರುವ ಕಥೆಯ ಸಾಲುಗಳು ಬೀದಿಯ ಚಿತ್ರದ ಮೇಲೆಯೇ ಬಂದು ಕೂರುತ್ತವೆ. ಇಬ್ಬರ ಹೆಸರೂ ಬರ್ನಾರ್ಡ್ ಎಂದು ಅವರಿಗೆ ತಿಳಿಯುವುದು ಹನ್ನೊಂದನೆಯ ಅಧ್ಯಾಯದಲ್ಲಿ. ಆಮೇಲೆ ಏನಾಗುತ್ತದೆಂದು ಓದಿದ ನಿಮಗೆ ಗೊತ್ತಿದೆ. ನಾನು ಮೊದಲ ಸಲ ಆ ಪುಟವನ್ನು ಸುಮ್ಮನೆ ದಾಟಿದ್ದೆ. ಎರಡನೆಯ ಸಲ ದಾಟಲಾಗಲಿಲ್ಲ.

ಹೆಸರು ಬೇಡ, ಬೀದರ್

ಟಿಪ್ಪಣಿ ಮೊದಲು ಓದಿ ಕೆಟ್ಟವನು ನಾನು. ಮೊದಲ ಪುಟದಲ್ಲಿ ‘ಅಂತ್ಯ ಹತ್ತಿರವಿದೆ’ ಎಂಬ ಫಲಕ ಹೊತ್ತು ರಕ್ತ ತುಳಿದುಕೊಂಡು ಹೋಗುವ ಕೆಂಗೂದಲಿನವನು ಯಾರೆಂದು ಓದುವ ಮೊದಲೇ ತಿಳಿದುಬಿಟ್ಟಿತು. ಆರಂಭದಿಂದಲೂ ಅವನನ್ನು ನೋಡಿದ್ದು ಪತ್ತೇದಾರನಂತೆ, ಓದುಗನಂತಲ್ಲ. ಅವನ ಮುಖವಾಡ ಕಳಚುವ ಪುಟ ಬಂದಾಗ ಆಕಳಿಸಿದೆ. ಈ ಪ್ರಶ್ನೆ ಕೇಳಿದವರು ಅಷ್ಟರ ಮಟ್ಟಿಗೆ ಪುಣ್ಯವಂತರು.

ಅತಿಯಾಗಿ ಹುಡುಕುವುದೂ ಒಂದು ರೋಗ. ಮಂಗಳ ಗ್ರಹದ ಮೇಲೆ ನಗುಮುಖದ ಕುಳಿ ಬಂದಾಗ ‘ಇದು ಅತಿಯಾಯಿತು, ಕಟ್ಟುಕಥೆ’ ಎಂದು ಬೀಗಿದ್ದೆ. ಅದು ಗಾಲೆ ಎಂಬ ನಿಜವಾದ ಕುಳಿ. ಅಗಲ ಸುಮಾರು 230 ಕಿಲೋಮೀಟರ್. ವೈಕಿಂಗ್ ಎಂಬ ಬಾಹ್ಯಾಕಾಶ ನೌಕೆ ತೆಗೆದ ಚಿತ್ರದಲ್ಲಿ ಹಲ್ಲು ಕಿರಿದುಕೊಂಡೇ ಇದೆ.

ಕೇಳಿದವರು: ಕಲಬುರಗಿಯ ಓದುಗ

ಎಲ್ಲರಿಗೂ ಶರಣು. ನಿನ್ನೆ ರಾತ್ರಿ ಕರೆಂಟು ಹೋದಾಗ ಟಾರ್ಚ್ ಹಿಡಿದು ಮೊದಲ ಅಧ್ಯಾಯ ಮತ್ತೆ ತೆಗೆದೆ. ಟಾರ್ಚಿನ ಬೆಳಕು ಒಂದು ಚೌಕದಷ್ಟೇ ಅಗಲ ಬೀಳುತ್ತಿತ್ತು, ಬೀದರ್ ಅಣ್ಣ ಬೈಯಬೇಡಿ. ಫಲಕದವನು ಸಿಕ್ಕ. ಅವನ ಹೆಜ್ಜೆಗುರುತೂ ಸಿಕ್ಕಿತು.

ಇನ್ನೊಂದು ಕಂಡೆ. ಹಳೆಯ ಜೊತೆಗಾರ ಡ್ಯಾನ್‌ನ ಅಡುಗೆಮನೆಯಲ್ಲಿ ರೋರ್ಶಾಕ್ ಕಾಗದ ಸುತ್ತಿದ ಸಕ್ಕರೆ ಅಚ್ಚುಗಳನ್ನು ಜೇಬಿಗೆ ಇಳಿಸುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಇವು ಮುಂದೆ ಎಲ್ಲಿಯಾದರೂ ಬರುತ್ತವೆ ಎಂದು ಅನುಮಾನ. ಗೊತ್ತಿದ್ದವರು ಪುಟಸಂಖ್ಯೆ ಹೇಳಬೇಡಿ; ಈಗಷ್ಟೇ ಎರಡನೆಯ ಅಧ್ಯಾಯಕ್ಕೆ ಬಂದಿದ್ದೇನೆ.