ಉಬ್ಬಸವಿರುವ ಮಗಳನ್ನು ಓಟಕ್ಕೆ ಕಳುಹಿಸಬಹುದೇ?

ಪ್ರಶ್ನೆ: ತೀರ್ಥಹಳ್ಳಿಯ ತಂದೆ

ನನ್ನ ಮಗಳಿಗೆ ಈಗ 13 ವರ್ಷ. ನಾಲ್ಕನೆಯ ವಯಸ್ಸಿನಿಂದ ಉಬ್ಬಸವಿದ್ದು, ಮಳೆಗಾಲದ ಎಷ್ಟೋ ರಾತ್ರಿಗಳನ್ನು ಅವಳು ದಿಂಬಿಗೆ ಒರಗಿ ಕುಳಿತೇ ಕಳೆದಿದ್ದಾಳೆ. ಅದೇ ಹುಡುಗಿ ಈ ವರ್ಷ ತಾಲ್ಲೂಕು ಮಟ್ಟದ 800 ಮೀಟರ್ ಓಟದಲ್ಲಿ ಎರಡನೆಯ ಸ್ಥಾನ ಪಡೆದಳು. ಮುಂದಿನ ಓಟ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ. ದಮ್ಮಿನ ಮಗುವನ್ನು ಓಡಿಸುತ್ತೀಯಲ್ಲ ಎಂದು ನನ್ನ ತಾಯಿ ಮಾತು ಬಿಟ್ಟಿದ್ದಾರೆ. ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಭಯ ನನಗೂ ಇದೆ. ಇಂಥ ಮಕ್ಕಳು ಓಟದಲ್ಲಿ ಮುಂದೆ ಬಂದದ್ದುಂಟೇ?

ಉತ್ತರ: ಸಾಗರದ ನಿವೃತ್ತ ದೈಹಿಕ ಶಿಕ್ಷಕ

ಉಂಟು. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ ಅವರಿಗೆ ಹದಿಹರೆಯದಿಂದಲೇ ಆಸ್ತಮಾ. 2003ರ ಲಂಡನ್ ಮ್ಯಾರಥಾನನ್ನು ಅವರು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಮುಗಿಸಿ ಬರೆದ ಮಹಿಳಾ ವಿಶ್ವದಾಖಲೆಯನ್ನು 2019ರವರೆಗೆ ಯಾರೂ ಮುರಿಯಲಿಲ್ಲ. ಇನ್‌ಹೇಲರ್ ಚಟವಾಗುವ ವಸ್ತುವಲ್ಲ. ಉಸಿರು ಕಟ್ಟಿದಾಗ ಎಳೆಯುವ ಇನ್‌ಹೇಲರಿನ ಔಷಧವಾದ ಸಾಲ್ಬುಟಮಾಲನ್ನು ಮಿತಿಯೊಳಗೆ ಎಳೆದುಕೊಳ್ಳಲು ಉದ್ದೀಪನ ಮದ್ದಿನ ನಿಯಮಗಳೂ ಅಡ್ಡಿ ಮಾಡುವುದಿಲ್ಲ. ಓಡುವಾಗ ತಣ್ಣನೆಯ ಒಣಗಾಳಿಯನ್ನು ಬಾಯಿಂದ ಎಳೆಯುವುದರಿಂದ ಶ್ವಾಸನಾಳ ಬಿಗಿಯುತ್ತದೆಯಾದ್ದರಿಂದ, ಸ್ಪರ್ಧೆಗೆ ಮೊದಲು ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿಸಿ ಮೈ ಬಿಸಿ ಮಾಡಿಸಿ. ಎದೆಯಲ್ಲಿ ಸುಂಯ್ ಎನ್ನುವ ದಿನ ಮಾತ್ರ ಓಟ ಬೇಡವೇ ಬೇಡ.

ಉತ್ತರ: ಶಿವಮೊಗ್ಗದ ಹಳೆಯ ಓಟಗಾರ್ತಿ

ಮಾಸ್ತರು ಮೈದಾನದ ಮಾತು ಹೇಳಿದರು, ನಾನು ಮನೆಯದನ್ನು ಹೇಳುತ್ತೇನೆ. ನಾನೂ ಅಂಥ ಮಗುವೇ. ನನ್ನನ್ನು ಕಾಡಿದ್ದು ಓಟಕ್ಕಿಂತ ಹೆಚ್ಚಾಗಿ ಗೋಡೆಯ ಬೂಷ್ಟು, ಬಚ್ಚಲೊಲೆಯ ಹೊಗೆ ಮತ್ತು ಕೊಯ್ಲಿನ ದಿನಗಳ ಅಡಿಕೆ ಬೇಯಿಸುವ ಹಂಡೆ. ದಿನವೂ ಎಳೆಯುವ ತಡೆ ಔಷಧವನ್ನು, ಚೆನ್ನಾಗಿದ್ದೇನೆಂದು ಬಿಟ್ಟಾಗಲೆಲ್ಲ ಪಾಠ ಕಲಿತೆ. ಉಸಿರು ಕಟ್ಟಿದಾಗಿನ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾದರೆ ಕಾಯಿಲೆ ಹಿಡಿತದಲ್ಲಿಲ್ಲವೆಂದೇ ತಿಳಿದು ವೈದ್ಯರನ್ನು ಕಾಣಿ. ನಮ್ಮ ಶಾಲೆಯಲ್ಲಿ ನನ್ನ ಇನ್‌ಹೇಲರನ್ನು, ಕಳೆದುಹೋದೀತೆಂದು, ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಒಂದು ದಿನ ಮೈದಾನದಲ್ಲಿ ಉಸಿರು ಸಿಕ್ಕಿಕೊಂಡಾಗ ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಅಂದು ರಾತ್ರಿಯೇ ಅಮ್ಮ ನನ್ನ ಓಟದ ಚಡ್ಡಿಗೆ ಗುಂಡಿಯಿರುವ ಜೇಬೊಂದನ್ನು ಹೊಲಿದರು. ನಿಮ್ಮ ಮಗಳಿಗೂ ಒಂದು ಹೊಲಿಸಿ.

ತೀರ್ಥಹಳ್ಳಿಯ ತಂದೆ

ಇಬ್ಬರಿಗೂ ಕೃತಜ್ಞತೆಗಳು. ಮಗಳು ಮಲಗುವ ಕೋಣೆಯ ನೆತ್ತಿಯ ಮೇಲೆಯೇ ಅಡಿಕೆ ಚೀಲಗಳ ಅಟ್ಟವಿದೆ. ಇಷ್ಟು ವರ್ಷ ಅದು ಹೊಳೆದಿರಲಿಲ್ಲ. ಇದನ್ನು ಓದಿ ಹೇಳಿದ ಮೇಲೆ, ಅವಳ ಹಾಸಿಗೆಯನ್ನು ಜಗಲಿ ಪಕ್ಕದ ಕೋಣೆಗೆ ಸಾಗಿಸಲು ನನ್ನ ತಾಯಿಯವರೇ ಹೇಳಿದ್ದಾರೆ. ಓಟಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.